ಪುಕ್ಕಟೆ ಕಾರು

ಅಪಘಾತವಾದ ದಿನವೇ ಮಾದೇಶನಿಗೆ ಅವನ ಅಕ್ಕನ ಗಂಡ ತಾಕೀತು ಮಾಡಿದ್ದ. "ನನ್ನ ಕಾರನ್ನ ಬಾಡಿಗೆಗೆ ತಗೊಂಡಿದ್ದೆ ಅಂತ ಬಾಯಿ ಬಿಟ್ಟೆಯೋ, ಇನ್ಶೂರೆನ್ಸ್‌ನೋರು ಬಿಡಿಗಾಸೂ ಕೊಡಲ್ಲ. ಪುಕ್ಕಟೆ ಕೊಟ್ಟಿದ್ದೆ ಅಂತೀನಿ, ನೀನು ತಲೆಯಾಡಿಸು."

ಗ್ಯಾರೇಜಿಗೆ ಬಂದ ವಿಮಾ ಸರ್ವೇಯರ್ ಮುಂದೆ ಭಾವ ಹಾಗೇ ಹೇಳಿದ. ಮಾದೇಶ ತಲೆಯಾಡಿಸಿದ. ಆದರೆ ಭಾವನ ನಾಲಿಗೆ ಅಷ್ಟಕ್ಕೇ ನಿಲ್ಲಲಿಲ್ಲ.

"ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಎಲ್ಲಿ ಸಾರ್? ಇವರಪ್ಪ ಮದ್ವೇಲಿ ನನಗೊಂದು ಸೈಕಲ್ಲೂ ಕೊಡ್ಲಿಲ್ಲ. ಮಗ ನೋಡಿ, ನನ್ನ ಕಾರನ್ನೇ ಜಜ್ಜಿ ತಂದವ್ನೆ. ಬಿಟ್ಟಿ ತಿನ್ನೋ ವಂಶ."

ಮೆಕ್ಯಾನಿಕ್ ಮುಖ ತಿರುಗಿಸಿ ನಕ್ಕ. ಸತ್ತ ಅಪ್ಪನನ್ನು ಎಳೆದು ತಂದದ್ದಕ್ಕೆ ಮಾದೇಶನ ಮೈಯೆಲ್ಲ ಉರಿದುಹೋಯಿತು. ಆದರೂ ಅವನು ದನಿ ಏರಿಸಲಿಲ್ಲ.

"ಬರ್ಕೊಳ್ಳಿ ಸಾರ್. ನಮ್ಮ ವಂಶದಲ್ಲಿ ಯಾರೂ ಬಿಟ್ಟಿ ತಿಂದಿಲ್ಲ. ಈ ಕಾರಿಗೂ ದಿನಕ್ಕೆ ಎರಡು ಸಾವಿರ ಬಾಡಿಗೆ ಕೊಟ್ಟಿದ್ದೀನಿ."