ಅಯ್ಯಪ್ಪನ ನಿಯಮ

ಮರುಭೂಮಿಯ ಜೀಪ್ ರೇಸಿನ ಇತಿಹಾಸ ಬರೆಯುತ್ತಿದ್ದ ಮೃಣಾಲಿನಿ, ಹಳೆಯ ಸ್ಪರ್ಧಿ ಚಂಗಪ್ಪನವರನ್ನು ಹುಡುಕಿಕೊಂಡು ಅವರ ಮನೆಗೇ ಬಂದಿದ್ದಳು.

"ಮಗುಚಿದ ಗಾಡಿ ಕಂಡರೆ ನಿಲ್ಲಲೇಬೇಕು ಅನ್ನೋ ನಿಯಮಕ್ಕೆ ನಿಮ್ಮ ತಮ್ಮನ ಹೆಸರೇ ಇದೆಯಲ್ಲ ಸರ್. ಅದರಿಂದ ಹನ್ನೊಂದು ಜನ ಬದುಕಿದಾರೆ."

"ಅದಕ್ಕೋಸ್ಕರ ಆರು ವರ್ಷ ಓಡಾಡಿದೆ," ಎಂದರು ಚಂಗಪ್ಪ. "ಅಯ್ಯಪ್ಪನ ಜೀಪು ಮರಳುದಿಬ್ಬದಿಂದ ಉರುಳಿಬಿತ್ತು. ಕಾಲು ಅದರಡಿ ಸಿಕ್ಕಿಕೊಂಡಿತ್ತು. ಆ ಸುಡುಬಿಸಿಲಲ್ಲಿ ಮೂರು ಗಂಟೆ ಬಿದ್ದಿದ್ದ. ಮೂರು ಗಾಡಿ ಪಕ್ಕದಲ್ಲೇ ಹೋದವು, ಒಂದೂ ನಿಲ್ಲಲಿಲ್ಲ. ಡಾಕ್ಟರು ತಲುಪೋ ಹೊತ್ತಿಗೆ ಜೀವ ಹೋಗಿತ್ತು."

ಅವರು ಕಣ್ಣೊರೆಸಿಕೊಂಡರು. ನಲವತ್ತು ವರ್ಷದ ಹಿಂದಿನ ಮಾತು, ಆದರೂ ಪ್ರತಿ ಸಲ ಇಲ್ಲಿಗೆ ಬಂದಾಗ ಹೀಗೇ ಆಗುತ್ತಿತ್ತು.

"ಆ ಮೂವರು ಯಾರು ಅಂತ ಯಾವ ದಾಖಲೆಯಲ್ಲೂ ಇಲ್ಲ. ನಿಮಗೆ ಗೊತ್ತಾ ಸರ್?"

"ಗೊತ್ತು. ಇಬ್ಬರು ತೀರಿಕೊಂಡ್ರು. ಅವರ ಹೆಸರು ಬೇಡ, ಮಕ್ಕಳು ಮೊಮ್ಮಕ್ಕಳು ಇದ್ದಾರೆ."

"ಇನ್ನೊಬ್ಬರು?"

ಚಂಗಪ್ಪ ಮೇಜಿನ ಮೇಲಿದ್ದ ನೋಟ್‌ಪುಸ್ತಕವನ್ನು ಅವಳತ್ತ ಸರಿಸಿದರು.

"ಅಯ್ಯಪ್ಪ ಕೈ ಎತ್ತಿ 'ಅಣ್ಣಾ' ಅಂತ ಕೂಗಿದ್ದು ನಂಗೆ ಕೇಳಿಸಿತ್ತು. ಬರ್ಕೊಳ್ಳಿ."