ಆರನೆಯ ಹಾಡು

ವಾಹೀದ ಬಂದಾಗ ಐದು ಹಾಡುಗಳ ರೆಕಾರ್ಡಿಂಗ್ ಮುಗಿದಿತ್ತು, ಒಂದೇ ಬಾಕಿ. ಗಂಗಾವತಿಯ ಮುಚ್ಚಿದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ, ಗೋಡೆಗಳಿಗೆಲ್ಲ ಕೌದಿ ಇಳಿಬಿಟ್ಟು, ಒಂದು ಮೂಲೆಯನ್ನು ಕೌದಿಯಿಂದಲೇ ಮರೆಮಾಡಿ ಹಾಡುವ ಜಾಗ ಮಾಡಿ, ರಾಮಾಂಜನೇಯ ಅರಚಿ ಹಾಡುವ ತನ್ನ ಮೆಟಲ್ ಬ್ಯಾಂಡಿನ ಹಳೆಯ ಹಾಡುಗಳನ್ನು ಹೊಸ ಗಾಯಕಿ ಸುಕನ್ಯಾಳಿಂದ ಮತ್ತೆ ಹಾಡಿಸುತ್ತಿದ್ದ. ಅವನ್ನು ಬರೆದು ಮೊದಲು ಹಾಡಿದವನು ವಾಹೀದನೇ. ನಾಲ್ಕು ವರ್ಷದ ಹಿಂದೆ ಬ್ಯಾಂಡು ಬಿಟ್ಟು, ಈಗ ಕಾರಟಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ.

“ಸಿಟ್ಟಾಗಿ ಬಂದಿಯೇನಪಾ?” ಎಂದ ರಾಮಾಂಜನೇಯ.

“ಸಿಟ್ಟಲ್ಲ ದೋಸ್ತ. ನೀವು ಒಂದೊಂದು ಹಾಡು ರೆಕಾರ್ಡ್ ಮಾಡಿದಂಗೆಲ್ಲ ನನ್ನ ತಲಿಯಿಂದ ಒಂದೊಂದು ಹೋಗಾಕತ್ತಾವ. ಹಾಳಿ ತಗದು ನೋಡಿದ್ರ ಅಕ್ಷರ ನಂದು, ಮಾತು ಯಾರವೋ ಅನಸ್ತಾವ. ಹಾಡಷ್ಟ ಅಲ್ಲ, ಯಾಕ ಬರದೆ ಅನ್ನೋದೂ ನೆನಪಿಲ್ಲ. ಐದೂ ಹೋದವು.”

ರಾಮಾಂಜನೇಯ ನಕ್ಕು, ಗಿಟಾರು ಎತ್ತಿಕೊಂಡು ಅವರ ಮೊಟ್ಟಮೊದಲ ಹಾಡಿನ ಆರಂಭ ನುಡಿಸಿದ. ಇದನ್ನು ಕೇಳಿದರೆ ಸಾಕು, ವಾಹೀದನ ಕುತ್ತಿಗೆಯ ನರಗಳು ಉಬ್ಬುತ್ತಿದ್ದ ಕಾಲವಿತ್ತು. ಈಗ ಅವನು ಬಸ್ಸಿಗೆ ಕಾಯುವವನಂತೆ ನಿಂತಿದ್ದ.

“ಛಲೋ ಐತಿ. ಯಾರು ಕಟ್ಟಿದ್ದು?”

ರಾಮಾಂಜನೇಯನ ಬೆರಳುಗಳು ತಂತಿಯ ಮೇಲೇ ನಿಂತವು.

“ಹಂಗಾರ ಆರನೇದು ಬ್ಯಾಡ ಅಣ್ಣಾ,” ಎಂದಳು ಸುಕನ್ಯಾ, ಹೆಡ್‌ಫೋನ್ ತೆಗೆದು. ಆರನೆಯದು ವಾಹೀದನ ತಮ್ಮ ಮೆಹರಾಜನ ಹಾಡು. ನಾಲ್ಕು ವರ್ಷದ ಹಿಂದೆ, ಹತ್ತು ವರ್ಷದ ಮೆಹರಾಜ ಸಿದ್ದಾಪುರದ ಹತ್ತಿರ ಕಾಲುವೆಗೆ ಬಿದ್ದು ತೀರಿಕೊಂಡಿದ್ದ. ವಾಹೀದ ಹಿಂದೆಯೇ ಹಾರಿ ಅವನ ಕೈ ಹಿಡಿದಿದ್ದ; ಕೈ ಜಾರಿತ್ತು. ಊರೆಲ್ಲ ಹಾಗೆಂದೇ ಅರಿತಿತ್ತು, ಹಾಡಿನಲ್ಲೂ ಹಾಗೇ ಇತ್ತು. ಅದನ್ನೊಮ್ಮೆ ಹಾಡಿದ ಮೇಲೆ ವಾಹೀದ ಮತ್ತೆ ಮೈಕು ಮುಟ್ಟಿರಲಿಲ್ಲ.

“ಅದನ್ನ ಹಾಡಬೇಕು ತಂಗಿ. ಅದಕ್ಕಂತನ ಗ್ಯಾರೇಜ್ ಮುಚ್ಚಿ ಬಂದೀನಿ. ನಾಕು ವರ್ಷ ಆತು, ಕಣ್ಣು ಮುಚ್ಚಿದ್ರ ನೀರಿನ ಸಪ್ಪಳ.”

“ತಮ್ಮನ್ನ ಮರೀತಿಯೇನೋ?” ರಾಮಾಂಜನೇಯ ಗದರಿದ.

“ನೆನಸಾಕ ನಮ್ಮ ಅಮ್ಮ ಅದಾಳ. ನನಗ ಸಾಕಾಗೈತಿ.”

ಸುಕನ್ಯಾ ಅವನ ಮುಖ ನೋಡಿದಳು. ಹೆಡ್‌ಫೋನ್ ಮತ್ತೆ ಹಾಕಿಕೊಂಡು ಕೌದಿ ಸರಿಸಿ ಒಳಗೆ ಹೋದಳು.

ಒಂದೇ ಸಲಕ್ಕೆ ಹಾಡಿ ಮುಗಿಸಿದಳು. ಎರಡನೆಯ ಚರಣದ ತನಕ ಅದು ಅವಳ ದನಿಯಾಗಿತ್ತು. ಮೂರನೆಯದಕ್ಕೆ ಅವಳು ಗಂಟಲು ಹರಿಯುವಂತೆ ಕೂಗಿದಾಗ, ನಡುನಡುವೆ ನೀರು ಕುಡಿದವರಂತೆ ಉಸಿರು ಕಟ್ಟುತ್ತಿತ್ತು. ರಾಮಾಂಜನೇಯ ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲಿಲ್ಲ. ಹೊರಗೆ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದ ವಾಹೀದನ ಹೆಗಲು ಮಾತ್ರ ಮೆಲ್ಲಗೆ ಸಡಿಲಾಗುತ್ತ ಬಂತು.

ಹಾಡು ನಿಂತಾಗ ಅವನು ಎದ್ದು ಮೈಮುರಿದ. “ಭಾಳ ಹಸದೈತಿ ದೋಸ್ತ. ಮನಿಗೆ ಹೊಂಟೆ.”

“ವಾಹೀದ,” ರಾಮಾಂಜನೇಯ ಬಾಗಿಲಿಗೆ ಬಂದು ಕರೆದ. “ಮೆಹರಾಜ...”

“ಯಾವ ಮೆಹರಾಜ? ಪಂಪ್‌ಸೆಟ್ ಅಂಗಡಿಯಾವನ?”

ಉತ್ತರಕ್ಕೆ ಕಾಯದೆ ಬೈಕು ಹತ್ತಿ ಹೋದ. ಅಷ್ಟು ಹಗುರವಾದ ಅವನ ಮುಖವನ್ನು ರಾಮಾಂಜನೇಯ ನಾಲ್ಕು ವರ್ಷಗಳಲ್ಲಿ ಕಂಡಿರಲಿಲ್ಲ.

ಸುಕನ್ಯಾ ಹೊರಗೆ ಬಂದಿರಲಿಲ್ಲ. ರಾಮಾಂಜನೇಯ ಕೌದಿ ಸರಿಸಿ ನೋಡಿದ. ಅವಳು ನೆಲದ ಮೇಲೆ ಮುದುಡಿ ಕುಳಿತು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

“ಕೈ ಜಾರಲಿಲ್ಲ ಅಣ್ಣಾ,” ಎಂದಳು. “ತಮ್ಮ ನನ್ನ ಕುತ್ತಿಗಿ ಗಟ್ಟಿ ಹಿಡಕೊಂಡಿದ್ದ. ನಾನೂ ಮುಳಗಾಕತ್ತಿದ್ದೆ. ಅವನ ಕೈ ನಾನ ಬಿಡಿಸಿದೆ.”