ಬೆನ್ನಿಗೆ ಗೆರೆಯಿಲ್ಲದ ಕಾಂಗರೂ

ನೆನೆದ ಬಿಳಿ ಶೇಡಿಮಣ್ಣಿನ ವಾಸನೆ ಬಂದರೆ ಈಗಲೂ ನನಗೆ ಮೊದಲು ಕಾಂಗರೂವೇ ನೆನಪಾಗುತ್ತದೆ.

ಅದು ಎರಡನೇ ಮಹಾಯುದ್ಧದ ಕಾಲ. ಬೊಂಬಾಯಿಯ ಹೋಟೆಲಿನಲ್ಲಿದ್ದ ಸಣ್ಣಮಾವ, ಯಾರೋ ಸಿಪಾಯಿ ಬಿಟ್ಟುಹೋದ ಚಿತ್ರದ ಪುಸ್ತಕವೊಂದನ್ನು ಕೋಟದ ನಮ್ಮ ಮನೆಗೆ ತಂದಿದ್ದ. ಎಲ್ಲ ಆಸ್ಟ್ರೇಲಿಯಾದ ಪ್ರಾಣಿಗಳು, ಬರೀ ಕಪ್ಪು ಶಾಯಿಯವು. ಮುಳ್ಳುಹಂದಿಯಂಥದ್ದೊಂದಕ್ಕೆ ಮೈತುಂಬ ಗೀರು. ಕಾಂಗರೂವಿನ ಹೊಟ್ಟೆಗೆ ಒತ್ತೊತ್ತಾಗಿ ಸಣ್ಣ ಗೆರೆ. ಬಿಸಿಲು ಬಿದ್ದ ಬೆನ್ನಿಗೆ ಮಾತ್ರ ಗೆರೆಯೇ ಇಲ್ಲ, ಖಾಲಿ ಕಾಗದ. ಆದರೂ ಬೆನ್ನು ಕಾಣುತ್ತಿತ್ತು.

ಆ ವರ್ಷ ಮಳೆಗಾಲದ ಸೋಣೆ ತಿಂಗಳ ಹೊಸ್ತಿಲು ಪೂಜೆಗೆ ರಂಗೋಲಿಯಂತೆ ಶೇಡಿ ಬರೆಯಲು ಅಮ್ಮಮ್ಮ ಒಂದು ಮಧ್ಯಾಹ್ನ ಮೊದಲ ಸಲ ನನ್ನನ್ನು ಬಿಟ್ಟರು. ಮಸಿ ಹಾಕಿ ಸಾರಿಸಿದ ಕಪ್ಪು ನೆಲದ ಮೇಲೆ ನಾನು ಕಾಂಗರೂ ಬರೆದೆ, ಬೆನ್ನು ಬಿಟ್ಟು.

"ಎಂತದೇ ಇದ್? ನಾಯಿಯಾ?"

"ಕಾಂಗರೂ."

"ಬೆನ್ನೆಲ್ಲಿತ್ತ್? ಗೆರೆ ಬಾಯಿ ಬಿಟ್ಕಂಡಿದ್ರೆ ಮನೆ ಐಸಿರಿ ಹೊರಗ್ ಹೋತ್ತ್. ಮುಚ್ಚ್."

"ಮುಚ್ಚಿರೆ ಬಿಸ್ಲ್ ಹೋತ್ತ್ ಅಮ್ಮಮ್ಮ."

ಇನ್ನು ಒರೆಸಿಬಿಡುತ್ತಾರೆ, ಮತ್ತೆ ಶೇಡಿ ಮುಟ್ಟಗೊಡುವುದಿಲ್ಲ ಎಂದು ನನಗೆ ಅಳು ಬಂತು. ಅಮ್ಮಮ್ಮ ಪುಸ್ತಕ ತರಿಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಬರ್ದವ ಸೋಂಬೇರಿ," ಅಂದರು.

ಆಮೇಲೆ ಸೊಂಟ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತು, ಬಟ್ಟೆಚೂರನ್ನು ಶೇಡಿಯಲ್ಲಿ ಅದ್ದಿ, ನನ್ನ ಕಾಂಗರೂವಿನ ಸುತ್ತ ದೊಡ್ಡದೊಂದು ಚೌಕ ಎಳೆದರು. ನಾಲ್ಕು ಮೂಲೆಯೂ ಕೂಡಿದವೋ ಎಂದು ಬಗ್ಗಿ ನೋಡಿದರು.

"ಈಗ ಐಸಿರಿ ಎಲ್ಲಿಗೂ ಹೋತಿಲ್ಲೆ. ಅದ್ರ ಬೆನ್ನ್ ಮೇಲ್ ಬಿಸ್ಲ್ ಇರ್ಲಿ."